ಹಳೇ ಮಿನಿವ್ಯಾನ್ ಕೊಳ್ಳುವ ಮುಂಚೆ ಅದು ಎಷ್ಟು ಗಟ್ಟಿ ಅಂತ ತಿಳಿಯುವುದು ಹೇಗೆ?

"ಹತ್ತು-ಹದಿನೈದು ವರ್ಷ ಹಳೆಯ ಮಿನಿವ್ಯಾನ್ ಒಂದು ನೋಡಿದ್ದೇವೆ, ತಗೊಳ್ಳಬಹುದಾ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ಯಾವ ಕಂಪನಿಯದ್ದು ಒಳ್ಳೆಯದು? ಎಷ್ಟು ಕಿಲೋಮೀಟರ್ ಓಡಿದ್ದರೆ ಜಾಸ್ತಿ ಆಯಿತು ಅಂತ?

ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಗಾಡಿಗೆ ಹತ್ತು ವರ್ಷ ದಾಟಿದ ಮೇಲೆ ಅವುಗಳ ತೂಕ ಕಡಿಮೆಯಾಗುತ್ತದೆ. ಒಂದೇ ಕಂಪನಿಯ, ಒಂದೇ ವರ್ಷದ ಎರಡು ಮಿನಿವ್ಯಾನ್‌ಗಳಲ್ಲಿ ಒಂದು ಇನ್ನೂ ಲಕ್ಷ ಕಿಲೋಮೀಟರ್ ಓಡಬಹುದು, ಇನ್ನೊಂದು ಮೂರು ತಿಂಗಳಲ್ಲೇ ಗೇರ್‌ಬಾಕ್ಸ್ ಕಳೆದುಕೊಳ್ಳಬಹುದು. ಆ ಗಾಡಿಯನ್ನು ಇಷ್ಟು ದಿನ ಯಾರು ಹೇಗೆ ನೋಡಿಕೊಂಡರು ಅನ್ನುವುದೇ ವ್ಯತ್ಯಾಸ. ಅದನ್ನು ಕಂಡುಹಿಡಿಯುವ ದಾರಿ ಹಂತ ಹಂತವಾಗಿ ಇಲ್ಲಿದೆ.

ಮಿನಿವ್ಯಾನನ್ನು ಕಾರಿನ ಹಾಗೆ ಪರೀಕ್ಷೆ ಮಾಡಿದರೆ ಸಾಲದು. ದೊಡ್ಡ ಮಿನಿವ್ಯಾನ್ ಖಾಲಿ ಇದ್ದಾಗಲೇ ಸುಮಾರು 2 ಟನ್ ತೂಗುತ್ತದೆ. ಏಳು ಜನ ಹತ್ತಿದರೆ ಇನ್ನರ್ಧ ಟನ್ ಸೇರುತ್ತದೆ. ಸಾಮಾನಿನ ಭಾರ ಬೇರೆ. ಇಷ್ಟನ್ನು ಎಳೆಯುವುದು ಎಷ್ಟೋ ಸಲ ಅದೇ ಕಂಪನಿಯ ಕಾರಿನಲ್ಲಿರುವ ಎಂಜಿನ್, ಅದೇ ಜಾತಿಯ ಗೇರ್‌ಬಾಕ್ಸ್. ಹಾಗಾಗಿ ಇವುಗಳಲ್ಲಿ ಗೇರ್‌ಬಾಕ್ಸ್, ಬ್ರೇಕ್, ಹಿಂದಿನ ಸಸ್ಪೆನ್ಷನ್ ಬೇಗ ಸವೆಯುತ್ತವೆ. ಜಾರುವ ಬಾಗಿಲು, ಹಿಂದಿನ ಎಸಿ, ಮಡಚುವ ಸೀಟು ಕೂಡ ಹೆಚ್ಚುವರಿ ತಲೆನೋವು.

ಜೊತೆಗೆ ಏನೇನು ಬೇಕು

ಒಳ್ಳೆಯ ಟಾರ್ಚ್, ಬಿಳಿ ಬಟ್ಟೆ ಅಥವಾ ಟಿಶ್ಯೂ, ನೆಲದ ಮೇಲೆ ಹಾಸಿಕೊಳ್ಳಲು ಹಳೇ ಬೆಡ್‌ಶೀಟ್, ಫೋನಿಗೆ ಜೋಡಿಸುವ ಓಬಿಡಿ ಸ್ಕ್ಯಾನರ್. ಓಬಿಡಿ ಅಂದರೆ ಗಾಡಿಯ ಕಂಪ್ಯೂಟರ್ ತನ್ನ ದೋಷಗಳನ್ನು ತಾನೇ ಗುರುತಿಸಿ ಕೋಡ್ ರೂಪದಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ. ಸ್ಕ್ಯಾನರ್ ಆ ಕೋಡ್ ಓದುತ್ತದೆ. ಜೊತೆಗೆ ಮೂರ್ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಸುಮ್ನೆ ಜೊತೆಗಿರಲಿ ಅಂತಲ್ಲ, ಟೆಸ್ಟ್ ಡ್ರೈವ್‌ನಲ್ಲಿ ಭಾರಕ್ಕೆ ಬೇಕು. ಹಗಲು ಹೊತ್ತಿನಲ್ಲೇ, ಮಳೆಯಿಲ್ಲದಾಗ ಹೋಗಿ. ಮಳೆಯಲ್ಲಿ ನೆನೆದ ಗಾಡಿಯ ಪೇಂಟ್ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ.

ಹಂತ 1: ಮನೆಯಲ್ಲೇ ಕೂತು ಆ ಮಾಡೆಲ್‌ನ ಚರಿತ್ರೆ ನೋಡಿ

ಪ್ರತಿ ಮಾಡೆಲ್‌ಗೂ ತನ್ನದೇ ಆದ ಕಾಯಿಲೆಗಳಿರುತ್ತವೆ, ಅದೂ ಕೆಲವು ವರ್ಷದ ಗಾಡಿಗಳಿಗೆ ಮಾತ್ರ. ಕಂಪನಿಯ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳಬಾರದು ಅನ್ನುವುದು ಇದಕ್ಕೇ. ಒಳ್ಳೆಯ ಹೆಸರಿರುವ ಗಾಡಿಗಳದೇ ಉದಾಹರಣೆ ನೋಡೋಣ.

ಉತ್ತರ ಅಮೆರಿಕದಲ್ಲಿ ಮಾರಿದ ಹೋಂಡಾ ಒಡಿಸ್ಸಿಯಲ್ಲಿ 1999ರಿಂದ 2004ರವರೆಗಿನ ಮಾಡೆಲ್‌ಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ದುರ್ಬಲ ಅಂತ ಹೆಸರಾಗಿದೆ. 2002ರಿಂದ 2004ರ ಗಾಡಿಗಳಿಗೆ 2004ರಲ್ಲಿ ರೀಕಾಲ್ ಕೂಡ ಬಂತು. ರೀಕಾಲ್ ಅಂದರೆ ತಯಾರಿಕೆಯಲ್ಲೇ ಉಳಿದ, ಸುರಕ್ಷತೆಗೆ ಸಂಬಂಧಿಸಿದ ದೋಷವನ್ನು ಕಂಪನಿ ತನ್ನ ಖರ್ಚಿನಲ್ಲಿ ಸರಿಮಾಡಿಕೊಡುವುದು. ಟೊಯೊಟಾ ಸಿಯೆನಾದಲ್ಲಿ ಚಳಿ ಪ್ರದೇಶದ ರಸ್ತೆಗಳಿಗೆ ಹಾಕುವ ಉಪ್ಪಿನಿಂದ ಅಡಿಯಲ್ಲಿ ಸ್ಟೆಪ್ನಿ ಹಿಡಿದಿಡುವ ಕೇಬಲ್ ತುಕ್ಕು ಹಿಡಿಯುತ್ತಿತ್ತು. ಅದು ತುಂಡಾದರೆ ಚಕ್ರ ರಸ್ತೆಗೇ ಬೀಳುತ್ತದೆ. ಅದಕ್ಕೆ 2010ರಲ್ಲಿ ರೀಕಾಲ್ ಆಯಿತು. 2011ರಿಂದ 2016ರ ಸಿಯೆನಾಗಳ ಜಾರುವ ಬಾಗಿಲಿಗೂ 2016ರಲ್ಲಿ ರೀಕಾಲ್ ಬಂತು. ಕ್ರೈಸ್ಲರ್ ಮತ್ತು ಡಾಡ್ಜ್ ಮಿನಿವ್ಯಾನ್‌ಗಳಿಗೆ 2011ರಲ್ಲಿ ಬಂದ 3.6 ಲೀಟರ್ ಎಂಜಿನ್‌ನ ಮೊದಮೊದಲ ವರ್ಷಗಳಲ್ಲಿ ಎಡಭಾಗದ ಸಿಲಿಂಡರ್ ಹೆಡ್, ಅಂದರೆ ಎಂಜಿನ್‌ನ ಮೇಲಿನ ಭಾಗ, ಕೈಕೊಡುತ್ತಿತ್ತು. ಅದಕ್ಕೆ ಕಂಪನಿ ವಾರಂಟಿಯನ್ನು ಹೆಚ್ಚಿಸಬೇಕಾಯಿತು.

ಇವೆಲ್ಲ ಕೆಟ್ಟ ಗಾಡಿಗಳು ಅಂತ ಅರ್ಥವಲ್ಲ. ಆ ದೋಷ ಈ ಗಾಡಿಯಲ್ಲಿ ಸರಿಯಾಗಿದೆಯಾ ಅಂತ ಕೇಳಲು ನಿಮಗೆ ಗೊತ್ತಿರಬೇಕು, ಅಷ್ಟೇ. ಮಾರುವವರಿಂದ ಚಾಸಿಸ್ ನಂಬರ್ ತೆಗೆದುಕೊಳ್ಳಿ. ಹೆಚ್ಚಿನ ಗಾಡಿಗಳಲ್ಲಿ ಇದು 17 ಅಕ್ಷರ-ಅಂಕಿಗಳದ್ದು. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಅಥವಾ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೊಟ್ಟರೆ ಬಾಕಿ ಉಳಿದ ರೀಕಾಲ್ ಗೊತ್ತಾಗುತ್ತದೆ. ಮುಖ್ಯವಾಗಿ ಟಕಾಟಾ ಅನ್ನುವ ಕಂಪನಿ ತಯಾರಿಸಿದ ಏರ್‌ಬ್ಯಾಗ್ ವಿಷಯ ಕೇಳಿ. ಅದನ್ನು ಉಬ್ಬಿಸಲು ಒಳಗಿಟ್ಟ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೆಡುತ್ತದೆ. ಅಪಘಾತವಾದಾಗ ಏರ್‌ಬ್ಯಾಗ್ ಜೊತೆ ಲೋಹದ ಚೂರುಗಳೂ ಸಿಡಿಯಬಹುದು. ಗಾಡಿ ಹಳೆಯದಾದಷ್ಟೂ ಅಪಾಯ ಜಾಸ್ತಿ. ಬದಲಿಸಿರದಿದ್ದರೆ ಮನೆಯವರನ್ನು ಅದರಲ್ಲಿ ಕೂರಿಸಬೇಡಿ.

ಮಾರುವವರು ನಂಬರ್ ಕೊಡಲು ಹಿಂದೆಮುಂದೆ ನೋಡಿದರೆ ಆ ಗಾಡಿಯನ್ನು ಅಲ್ಲಿಗೇ ಬಿಡಿ.

ಹಂತ 2: ಕಾಗದಪತ್ರ

ಗಾಡಿಗಿಂತ ಮೊದಲು ಸರ್ವಿಸ್ ಬಿಲ್ಲುಗಳನ್ನು ನೋಡಿ. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಪ್ರತಿ ಬಿಲ್ಲಿನ ಕಿಲೋಮೀಟರ್ ಓದಿ. ಅಂಕಿ ಏರುತ್ತಲೇ ಹೋಗಬೇಕು. ಎಲ್ಲೋ ಒಂದು ಕಡೆ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆ ಅಂತ ಅನುಮಾನಿಸಿ. ಎರಡು ವರ್ಷ ಒಂದೂ ಬಿಲ್ ಇಲ್ಲದಿದ್ದರೆ ಆಗ ಗಾಡಿ ಎಲ್ಲಿತ್ತು ಅಂತ ಕೇಳಿ. ಬಿಲ್ಲೇ ಇಲ್ಲದಿದ್ದರೆ? ಯಾವ ಸರ್ವಿಸೂ ಆಗಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ. "ಎಲ್ಲಾ ಮಾಡಿಸಿದ್ದೇವೆ ಸಾರ್" ಅನ್ನುವ ಮಾತಿಗೆ ಬೆಲೆ ಕಟ್ಟಲು ಆಗುವುದಿಲ್ಲ.

ಬಿಲ್ಲುಗಳಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಮೂರು: ಎಂಜಿನ್ ಆಯಿಲ್ ಎಷ್ಟೆಷ್ಟು ಸಲ ಬದಲಾಗಿದೆ, ಗೇರ್‌ಬಾಕ್ಸ್ ಆಯಿಲ್ ಬದಲಾಗಿದೆಯಾ, ಟೈಮಿಂಗ್ ಬೆಲ್ಟ್ ಆಗಿದೆಯಾ.

ಟೈಮಿಂಗ್ ಬೆಲ್ಟ್ ಅಂದರೆ ಎಂಜಿನ್‌ನ ಪಿಸ್ಟನ್ ಮತ್ತು ವಾಲ್ವ್‌ಗಳನ್ನು ಒಂದೇ ತಾಳಕ್ಕೆ ಓಡಿಸುವ ರಬ್ಬರ್ ಪಟ್ಟಿ. ಅದಕ್ಕೆ ಆಯುಷ್ಯವಿದೆ. ಗಾಡಿ ಕಡಿಮೆ ಓಡಿದ್ದರೂ ರಬ್ಬರ್ ಒಣಗುತ್ತದೆ, ಹಾಗಾಗಿ ಕಿಲೋಮೀಟರ್ ಜೊತೆ ವರ್ಷವನ್ನೂ ಲೆಕ್ಕ ಹಾಕಬೇಕು. ಒಡಿಸ್ಸಿಯ ವಿ6 ಎಂಜಿನ್‌ನಲ್ಲಿ ಬೆಲ್ಟ್ ಇದೆ. ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಿಸಬೇಕಾಗುತ್ತದೆ. ಸಿಯೆನಾದಲ್ಲಿ 2006ರವರೆಗಿನ 3.3 ಲೀಟರ್ ಎಂಜಿನ್‌ಗೆ ಬೆಲ್ಟ್, 2007ರಲ್ಲಿ ಬಂದ 3.5 ಲೀಟರ್ ಎಂಜಿನ್‌ಗೆ ಅದೇ ಕೆಲಸ ಮಾಡುವ ಲೋಹದ ಚೈನ್. ನೀವು ನೋಡುತ್ತಿರುವ ಎಂಜಿನ್‌ನಲ್ಲಿ ಯಾವುದಿದೆ ಅಂತ ಮೊದಲೇ ತಿಳಿದುಕೊಳ್ಳಿ. ಬೆಲ್ಟ್ ಬದಲಿಸಿದ ಬಿಲ್ ಇದ್ದರೆ ಅದರಲ್ಲಿ ವಾಟರ್ ಪಂಪ್ ಮತ್ತು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ ಇದೆಯಾ ನೋಡಿ. ಕೂಲಿ ಉಳಿಸಲು ಬರೀ ಬೆಲ್ಟ್ ಹಾಕಿಸಿರುವವರು ಇದ್ದಾರೆ. ಆಮೇಲೆ ಪಂಪ್ ಸೋರಿದರೆ ಅದೇ ಕೆಲಸ ಮತ್ತೆ ಮಾಡಿಸಬೇಕು.

ಹಂತ 3: ಬಾಡಿ, ತುಕ್ಕು, ನೀರು

ಪೇಂಟ್ ಮೇಲಿನ ಗೀರು, ಸಣ್ಣ ಸೊಟ್ಟು ಬಿಡಿ. ಮಿನಿವ್ಯಾನ್ ಅಂದ ಮೇಲೆ ಅವು ಇದ್ದೇ ಇರುತ್ತವೆ. ನೀವು ನೋಡಬೇಕಾದದ್ದು ತುಕ್ಕು. ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಅಂಚು, ಜಾರುವ ಬಾಗಿಲ ಹಳಿ ಇರುವ ಜಾಗ, ಅಡಿಯಲ್ಲಿ ಸಸ್ಪೆನ್ಷನ್ ಜೋಡಿಸಿರುವ ಚೌಕಟ್ಟು, ಬ್ರೇಕ್ ಪೈಪು. ಮೇಲ್ಮೈ ಕೆಂಪಾಗಿದ್ದರೆ ಪರವಾಗಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದರೆ ಆ ಗಾಡಿ ಬೇಡ. ಎಂಜಿನ್ ರಿಪೇರಿ ಮಾಡಿಸಬಹುದು, ಕೊಳೆತ ಚೌಕಟ್ಟಿಗೆ ಮಾಡಿಸುವ ರಿಪೇರಿ ಹಣದ ದಂಡ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಇನ್ನೂ ಎಚ್ಚರಿಕೆ, ತುಕ್ಕು ಮುಚ್ಚಲು ಹಾಗೆ ಮಾಡುವುದು ಸಾಮಾನ್ಯ.

ಪ್ರವಾಹದಲ್ಲಿ ಮುಳುಗಿದ ಗಾಡಿಯನ್ನು ತೊಳೆದು ಮಾರುವವರಿದ್ದಾರೆ. ಮಿನಿವ್ಯಾನ್‌ನಲ್ಲಿ ಇದು ತುಂಬಾ ಕೆಟ್ಟದ್ದು, ಬಾಗಿಲು, ಸೀಟು, ಏರ್‌ಬ್ಯಾಗ್‌ಗಳ ವೈರು ಬಹಳಷ್ಟು ನೆಲದಡಿಯಲ್ಲೇ ಓಡುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಗುರುತು ಕಾಣಬಹುದು. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ತೇವ, ಹಿಂದೆ ಜಾಕಿ ಇಡುವ ಗೂಡಿನ ಮಣ್ಣು ನೋಡಿ. ಒಳಗೆ ಘಮ್ಮೆನ್ನುವ ಸೆಂಟ್ ಹೊಡೆದಿದ್ದರೆ ಯಾಕೆ ಅಂತ ಯೋಚಿಸಿ.

ಟೈರ್ ಬದಿಯಲ್ಲಿ ಡಾಟ್ ಅನ್ನುವ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಟೈರ್ ಒಂದೇ ಸಮ ಸವೆದಿವೆಯಾ ನೋಡಿ. ಒಂದು ಅಂಚು ಮಾತ್ರ ಬೋಳಾಗಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲವೇ ಸಸ್ಪೆನ್ಷನ್ ಸವೆದಿದೆ.

ಹಂತ 4: ಎಂಜಿನ್ ತಣ್ಣಗಿರುವಾಗಲೇ ನೋಡಿ

ನನ್ನ ಪ್ರಕಾರ ಇದನ್ನು ತಪ್ಪಿಸಲೇಬಾರದು. ಬಿಸಿ ಎಂಜಿನ್ ಬಹಳಷ್ಟು ದೋಷ ಮುಚ್ಚಿಡುತ್ತದೆ. "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆ ಅನ್ನಿ.

ಆಯಿಲ್ ಅಳೆಯುವ ಕಡ್ಡಿ ತೆಗೆದು ಬಿಳಿ ಬಟ್ಟೆಗೆ ಒರೆಸಿ. ಕಂದು ಅಥವಾ ಕಪ್ಪು ಇದ್ದರೆ ಚಿಂತೆಯಿಲ್ಲ. ಮಟ್ಟ ತೀರಾ ಕೆಳಗಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಅಥವಾ ಮಾಲೀಕರು ನೋಡಿಕೊಂಡಿಲ್ಲ. ಎರಡೂ ಒಳ್ಳೆಯದಲ್ಲ. ಆಯಿಲ್ ಹಾಕುವ ಮುಚ್ಚಳ ತೆರೆದು ಟಾರ್ಚ್ ಬಿಡಿ. ಒಳಗೆ ಟಾರಿನಂಥ ಗಟ್ಟಿ ಕಪ್ಪು ಜಿಗುಟು ಕಂಡರೆ ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದಾರೆ.

ರೇಡಿಯೇಟರ್ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆಯಿರಿ. ಬಿಸಿಯಿದ್ದಾಗ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ತಿಳಿಯಾದ ಬಣ್ಣದಲ್ಲಿರಬೇಕು. ಮೇಲೆ ಜಿಡ್ಡು ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್‌ನ ಮೇಲಿನ ಮತ್ತು ಕೆಳಗಿನ ಭಾಗದ ನಡುವೆ ಆಯಿಲ್, ನೀರು, ಬೆಂಕಿ ಬೆರೆಯದಂತೆ ತಡೆಯುವ ತೆಳು ಪದರ. ಇದನ್ನು ಬದಲಿಸಲು ಎಂಜಿನ್‌ನ ಅರ್ಧ ಭಾಗ ಬಿಚ್ಚಬೇಕು.

ಈಗ ಸ್ಟಾರ್ಟ್ ಮಾಡಿಸಿ. ನೀವು ಹಿಂದೆ ಸೈಲೆನ್ಸರ್ ಹತ್ತಿರ ನಿಂತಿರಿ, ಜೊತೆಯವರೊಬ್ಬರು ಬಾನೆಟ್ ಬಳಿ ಕಿವಿಗೊಡಲಿ. ಚಳಿಯಲ್ಲಿ ಮೊದಲಿಗೆ ತೆಳು ಬಿಳಿ ಹಬೆ ಬಂದು ಮಾಯವಾಗುವುದು ಸಹಜ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಅದಕ್ಕೆ ಸಿಹಿ ವಾಸನೆ ಇದ್ದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಪೆಟ್ರೋಲ್ ಗಾಡಿಯಲ್ಲಿ ಕಪ್ಪು ಹೊಗೆ ಇಂಧನ ಜಾಸ್ತಿ ಹೋಗುತ್ತಿದೆ ಅನ್ನುವುದರ ಗುರುತು. ಚೈನ್ ಇರುವ ಎಂಜಿನ್ ಸ್ಟಾರ್ಟ್ ಆದ ಕೂಡಲೇ ಗರಗರ ಅಂದು ಸದ್ದು ಮಾಡಿದರೆ ಚೈನ್ ಅಥವಾ ಅದರ ಟೆನ್ಷನರ್ ಸಡಿಲವಾಗಿರಬಹುದು.

ಏರ್‌ಬ್ಯಾಗ್ ಮತ್ತು ಎಂಜಿನ್ ದೀಪ ಕೀ ತಿರುಗಿಸಿದಾಗ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ದೋಷ ಇದೆ. ಹತ್ತಲೇ ಇಲ್ಲ ಅಂದರೆ ದೋಷ ಕಾಣದಿರಲಿ ಅಂತ ಬಲ್ಬನ್ನೇ ತೆಗೆದಿರಬಹುದು. ಹತ್ತದ ದೀಪವನ್ನು ಯಾರೂ ಗಮನಿಸುವುದಿಲ್ಲ, ನೀವು ಗಮನಿಸಿ.

ಹಂತ 5: ಸ್ಕ್ಯಾನರ್ ಹಚ್ಚಿ

ಅಮೆರಿಕದಲ್ಲಿ 1996ರಿಂದ, ಯೂರೋಪಿನಲ್ಲಿ ಪೆಟ್ರೋಲ್ ಗಾಡಿಗಳಿಗೆ 2001ರಿಂದ ಓಬಿಡಿ ಕಡ್ಡಾಯವಾಗಿದೆ. ಪ್ಲಗ್ ಸಾಮಾನ್ಯವಾಗಿ ಸ್ಟಿಯರಿಂಗ್ ಕೆಳಗೆ ಇರುತ್ತದೆ.

ಕೋಡ್ ಇದೆಯಾ ಅಂತ ನೋಡುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಮಾರುವ ದಿನ ಬೆಳಗ್ಗೆ ಕೋಡ್ ಅಳಿಸಿಬಿಟ್ಟರೆ ದೀಪ ಆರುತ್ತದೆ, ಗಾಡಿ ಚೆನ್ನಾಗಿದೆ ಅನಿಸುತ್ತದೆ. ಆದರೆ ಕೋಡ್ ಅಳಿಸಿದಾಗ ರೆಡಿನೆಸ್ ಮಾನಿಟರ್‌ಗಳೂ ಅಳಿಯುತ್ತವೆ. ಅಂದರೆ ಗಾಡಿ ತನ್ನ ಮೇಲೆ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದಿವೆಯಾ ಎಂದು ತೋರಿಸುವ ಪಟ್ಟಿ. ಅದು ತುಂಬಲು ಕೆಲವು ದಿನದ ಓಡಾಟ ಬೇಕು. ಹೆಚ್ಚಿನವು 'ನಾಟ್ ರೆಡಿ' ಅಂತ ತೋರಿಸಿದರೆ ಇತ್ತೀಚೆಗಷ್ಟೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಒಂದು ವಾರ ಓಡಿಸಿ, ಮತ್ತೆ ಬರುತ್ತೇವೆ ಅಂತ ಹೇಳಿ. ಕೋಡ್ ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅಂತಲೂ ಹಲವು ಗಾಡಿಗಳಲ್ಲಿ ಕಾಣುತ್ತದೆ.

ಪಿ0300 ಬಂದರೆ ಮಿಸ್‌ಫೈರ್, ಅಂದರೆ ಸಿಲಿಂಡರ್‌ಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪಿ0420 ಬಂದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ದುರ್ಬಲ. "ಅದು ಬರೀ ಸೆನ್ಸರ್" ಅಂತ ಮಾರುವವರು ಹೇಳಿದರೆ, ಹಾಗಾದರೆ ಬದಲಿಸಿ ಕೊಡಿ ಅನ್ನಿ.

ಹಂತ 6: ಓಡಿಸಿ ನೋಡಿ, ಗಮನವೆಲ್ಲ ಗೇರ್‌ಬಾಕ್ಸ್ ಮೇಲಿರಲಿ

ಹಳೇ ಮಿನಿವ್ಯಾನ್ ಕೊಂಡವರ ಜೇಬಿಗೆ ಹೆಚ್ಚು ಕತ್ತರಿ ಹಾಕುವುದು ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಅದಕ್ಕೆ ಶತ್ರು ಬಿಸಿ. ಭಾರ ಹೊತ್ತು ಏರು ಹತ್ತುವಾಗ, ಹಿಂದೆ ಟ್ರೇಲರ್ ಕಟ್ಟಿ ಎಳೆಯುವಾಗ ಗೇರ್‌ಬಾಕ್ಸ್ ಆಯಿಲ್ ಕಾದು ಬೇಗ ಕೆಡುತ್ತದೆ. ಹಾಗಾಗಿ ಹಿಂಬದಿಯಲ್ಲಿ ಟ್ರೇಲರ್ ಕೊಕ್ಕೆ ಕಂಡರೆ ಏನು ಎಳೆಯುತ್ತಿದ್ದರು, ಎಷ್ಟು ಸಲ ಅಂತ ಕೇಳಿ.

ಆಯಿಲ್ ಕಡ್ಡಿ ಇರುವ ಗೇರ್‌ಬಾಕ್ಸ್ ಆದರೆ ಬಟ್ಟೆಗೆ ಒರೆಸಿ ನೋಡಿ. ಕೆಂಪು ಅಥವಾ ನಸುಕಂದು ಇರಬಹುದು. ಕಡು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪದರಗಳು ಸುಟ್ಟಿವೆ. ಥಳಥಳ ಕೆಂಪಿದ್ದು, ಬದಲಿಸಿದ ಬಿಲ್ ಹಳೆಯದಿದ್ದರೆ ಅಥವಾ ಇಲ್ಲದೇ ಇದ್ದರೆ, ಮಾರುವ ಮುಂಚೆ ಯಾಕೆ ಬದಲಿಸಿದರು ಅಂತ ಕೇಳಿ. "ಈ ಆಯಿಲ್ ಜೀವಮಾನ ಪೂರ್ತಿ ಬರುತ್ತದೆ" ಅನ್ನುವ ಮಾತನ್ನು ಭಾರ ಹೊರುವ ಹಳೇ ಗಾಡಿಯ ವಿಷಯದಲ್ಲಿ ನಂಬಬೇಡಿ.

ಬ್ರೇಕ್ ಒತ್ತಿ ಹಿಡಿದು ಪಾರ್ಕ್‌ನಿಂದ ರಿವರ್ಸ್‌ಗೆ, ಆಮೇಲೆ ಡ್ರೈವ್‌ಗೆ ಹಾಕಿ. ಗೇರ್ ಮೆತ್ತಗೆ, ಒಂದೆರಡು ಸೆಕೆಂಡಿನೊಳಗೆ ಹಿಡಿಯಬೇಕು. ತಡವಾಗಿ ಹಿಡಿದರೆ ಗೇರ್‌ಬಾಕ್ಸ್ ಸವೆದಿರಬಹುದು. ಧಡ್ ಅಂತ ಬಡಿದರೆ ಗೇರ್‌ಬಾಕ್ಸ್ ಇರಬಹುದು, ಎಂಜಿನ್ ಮೌಂಟ್ ಹರಿದಿರಲೂಬಹುದು. ಮೌಂಟ್ ಅಂದರೆ ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಕುಶನ್, ಅದು ಅಗ್ಗದ ರಿಪೇರಿ. ಯಾವುದು ಅಂತ ಮೆಕ್ಯಾನಿಕ್ ಹೇಳಬೇಕು.

ಈಗ ಕರೆದುಕೊಂಡು ಹೋದವರನ್ನೆಲ್ಲ ಕೂರಿಸಿಕೊಂಡು ಹೊರಡಿ. ಕನಿಷ್ಠ ಅರ್ಧ ಗಂಟೆ ಓಡಿಸಿ. ಗೇರ್‌ಬಾಕ್ಸ್ ಪೂರ್ತಿ ಬಿಸಿಯಾದ ಮೇಲೇ ಅದರ ನಿಜರೂಪ ಕಾಣುವುದು, ಹತ್ತು ನಿಮಿಷದ ಸುತ್ತು ಸಾಲುವುದಿಲ್ಲ. ಒಂದು ಏರು, ಒಂದು ಹೆದ್ದಾರಿ, ಒಂದಿಷ್ಟು ಟ್ರಾಫಿಕ್ ಸಿಗುವ ದಾರಿ ಆರಿಸಿ. ಗೇರ್ ಬದಲಾಗುವಾಗ ಎಂಜಿನ್ ಸುಮ್ನೆ ಕಿರುಚಿ, ಗಾಡಿ ಮುಂದೆ ಹೋಗದಿದ್ದರೆ ಗೇರ್ ಜಾರುತ್ತಿದೆ. ಅಂಥದ್ದನ್ನು ಬಿಟ್ಟುಬಿಡಿ. ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಹಿಡಿದಾಗ, ಸಾಲು ಸಣ್ಣ ಉಬ್ಬುಗಳ ಮೇಲೆ ಓಡಿದಂತೆ ನಡುಕ ಬಂದರೆ ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಅನ್ನುವ ಭಾಗದ ತೊಂದರೆ ಇರಬಹುದು. ಕೆಲವೊಮ್ಮೆ ಆಯಿಲ್ ಬದಲಿಸಿದರೆ ಹೋಗುತ್ತದೆ, ಆದರೆ ಅದನ್ನು ನಂಬಿ ಕೊಳ್ಳಬೇಡಿ.

ಸಿವಿಟಿ ಗೇರ್‌ಬಾಕ್ಸ್ ಇರುವ ವ್ಯಾನ್ ಆದರೆ, ಅಂದರೆ ಹಲ್ಲಿನ ಗೇರ್ ಬದಲು ಪುಲ್ಲಿ-ಬೆಲ್ಟ್ ಮೇಲೆ ಓಡುವಂಥದ್ದು, ಕೊರೆಯುವ ಸದ್ದು ಮತ್ತು ನಿಂತಲ್ಲಿಂದ ಹೊರಡುವಾಗಿನ ನಡುಕಕ್ಕೆ ಕಿವಿ ಕೊಡಿ. ಆಯಿಲ್ ಬದಲಿಸಿದ ದಾಖಲೆ ಇಲ್ಲದ ಹಳೇ ಸಿವಿಟಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಹೆದ್ದಾರಿಯಲ್ಲಿ ರೇಡಿಯೋ ಆಫ್ ಮಾಡಿ. ವೇಗದ ಜೊತೆ ಏರುವ ಗುಂಯ್ ಸದ್ದು ಚಕ್ರದ ಬೇರಿಂಗ್‌ನದ್ದಿರಬಹುದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಟಕ್ ಟಕ್ ಅಂದರೆ ಆಕ್ಸಲ್‌ನ ಜಾಯಿಂಟ್ ಸವೆದಿದೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್. ಇವೆಲ್ಲ ಬೆಲೆ ಇಳಿಸಲು ಕಾರಣ, ಗಾಡಿ ಬಿಡಲು ಕಾರಣವಲ್ಲ. ಇಡೀ ದಾರಿ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಂತಿರಬೇಕು.

ಹಂತ 7: ಬಾಗಿಲು, ಹಿಂದಿನ ಎಸಿ, ಸೀಟು

ಜಾರುವ ಬಾಗಿಲನ್ನು ಪ್ರತಿ ಸ್ವಿಚ್‌ನಿಂದಲೂ ತೆರೆದು ಮುಚ್ಚಿ: ಡ್ರೈವರ್ ಬಳಿಯದ್ದು, ಬಾಗಿಲ ಹಿಡಿ, ಕೀ. ಆಮೇಲೆ ಮೋಟರ್ ಆಫ್ ಮಾಡಿ ಕೈಯಲ್ಲೂ ಎಳೆದು ನೋಡಿ. ಏರಿನಲ್ಲಿ ನಿಲ್ಲಿಸಿಯೂ ಒಮ್ಮೆ ತೆರೆಯಿರಿ, ದುರ್ಬಲ ಮೋಟರ್ ಅಲ್ಲಿ ಸಿಕ್ಕಿಬೀಳುತ್ತದೆ. ಕೇಬಲ್ ತುಂಡಾದ ಬಾಗಿಲಿನ ರಿಪೇರಿ ದುಬಾರಿ.

ಹಿಂದಿನ ಎಸಿಯನ್ನು ಬೇರೆಯಾಗಿಯೇ ಪರೀಕ್ಷಿಸಿ. ಅದರ ಪೈಪುಗಳು ಗಾಡಿಯ ಅಡಿಯಲ್ಲಿ ಉದ್ದಕ್ಕೆ ಹೋಗುತ್ತವೆ, ತುಕ್ಕು ಹಿಡಿದು ಸೋರುತ್ತವೆ. ಮುಂದೆ ತಣ್ಣಗಿದ್ದು ಹಿಂದೆ ಬೆಚ್ಚಗಿದ್ದರೆ "ಗ್ಯಾಸ್ ಹಾಕಿಸಿದರೆ ಸರಿಹೋಗುತ್ತದೆ" ಅನ್ನುವುದನ್ನು ಒಪ್ಪಬೇಡಿ. ಗ್ಯಾಸ್ ತಾನಾಗಿ ಖಾಲಿಯಾಗುವುದಿಲ್ಲ, ಎಲ್ಲೋ ಸೋರಿರುತ್ತದೆ. ಹಿಂದೆ ಹೀಟರ್ ಇರುವ ಗಾಡಿಯಲ್ಲಿ ಅದರ ಕೂಲಂಟ್ ಪೈಪುಗಳನ್ನೂ ನೋಡಿ. ಅವು ಸೋರಿದರೆ ಎಂಜಿನ್ನೇ ಕಾಯುತ್ತದೆ.

ಪ್ರತಿ ಸೀಟನ್ನೂ ಮಡಚಿ, ಬಿಚ್ಚಿ, ಮತ್ತೆ ಕೂರಿಸಿ. ಪ್ರತಿ ಬೆಲ್ಟನ್ನೂ ಹಾಕಿ ಜಗ್ಗಿ.

ಹಂತ 8: ನಿಮ್ಮ ಮೆಕ್ಯಾನಿಕ್, ನಿಮ್ಮ ಖರ್ಚು

ಇಷ್ಟೆಲ್ಲ ಪಾಸಾದರೆ ಮಾತ್ರ ಈ ಹಂತ. ಮಾರುವವರ ಪರಿಚಯದವರಲ್ಲದ ಮೆಕ್ಯಾನಿಕ್ ಹತ್ತಿರ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ. ನೀವು ಗುರುತು ಹಾಕಿಕೊಂಡ ಅನುಮಾನಗಳ ಪಟ್ಟಿ ಕೊಡಿ. ಸುಮ್ನೆ "ನೋಡಿ ಹೇಳಿ" ಅಂದರೆ ಅವರೂ ಮೇಲೆ ಮೇಲೆ ನೋಡಿ ಬಿಡುತ್ತಾರೆ. ಆಯಿಲ್ ಸೋರಿಕೆ, ಸಸ್ಪೆನ್ಷನ್ ಬುಷ್, ಬ್ರೇಕ್ ಪೈಪ್, ಚೌಕಟ್ಟಿನ ತುಕ್ಕು ಕೇಳಿ. 2007ರಿಂದ ಮೊದಲ ಕೆಲವು ವರ್ಷಗಳ 3.5 ಲೀಟರ್ ಸಿಯೆನಾ ಆದರೆ ಎಂಜಿನ್‌ಗೆ ಆಯಿಲ್ ಒಯ್ಯುವ ಪೈಪಿನ ರಬ್ಬರ್ ಭಾಗ ಬದಲಾಗಿ ಲೋಹದ್ದು ಬಂದಿದೆಯಾ ನೋಡಿಸಿ. ರಬ್ಬರ್ ಒಡೆದರೆ ಆಯಿಲ್ ಕ್ಷಣದಲ್ಲಿ ಖಾಲಿ.

ಈ ಪರೀಕ್ಷೆಗೆ ಮಾರುವವರು ಒಪ್ಪದಿದ್ದರೆ ಕಾರಣ ಕೇಳುತ್ತಾ ನಿಲ್ಲಬೇಡಿ, ಹೊರಟುಬಿಡಿ.

ಹಂತ 9: ಬೆಲೆ ಮತ್ತು ಮೊದಲ ತಿಂಗಳು

ಸಿಕ್ಕಿದ ದೋಷಗಳನ್ನು ಎರಡು ಭಾಗ ಮಾಡಿ. ಗೇರ್ ಜಾರುವುದು, ಹೆಡ್ ಗ್ಯಾಸ್ಕೆಟ್, ಕೊಳೆತ ಚೌಕಟ್ಟು, ಪ್ರವಾಹದ ಗುರುತು, ತಿರುಗಿಸಿದ ಮೀಟರ್: ಇವು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಟೈರ್, ಬ್ರೇಕ್, ಬೇರಿಂಗ್, ಟೈಮಿಂಗ್ ಬೆಲ್ಟ್, ಬಾಗಿಲ ಮೋಟರ್: ಇವುಗಳ ರಿಪೇರಿ ಖರ್ಚನ್ನು ಮೆಕ್ಯಾನಿಕ್‌ನಿಂದ ಬರೆಸಿಕೊಂಡು ಬೆಲೆಯಲ್ಲಿ ಕಳೆಯಿರಿ. ಗಾಡಿಯ ಬೆಲೆ ಕೊಟ್ಟು ಕೈ ಖಾಲಿಯಾಗುವ ಹಾಗಿದ್ದರೆ ಆ ಗಾಡಿ ನಿಮಗೆ ದುಬಾರಿ. ಮೊದಲ ವರ್ಷದ ರಿಪೇರಿಗೆ ಹಣ ಬೇರೆ ತೆಗೆದಿಡಿ.

ಕೊಂಡ ಮೇಲೆ ದೂರ ಪ್ರಯಾಣಕ್ಕೆ ಹೊರಡುವ ಮೊದಲು ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಫಿಲ್ಟರ್‌ಗಳನ್ನು ಬದಲಿಸಿ. ಗೇರ್‌ಬಾಕ್ಸ್ ಆಯಿಲನ್ನು ಕಂಪನಿ ಹೇಳಿದ ಜಾತಿಯದ್ದೇ ಹಾಕಿಸಿ. ಮೆಷಿನ್ ಇಟ್ಟು ಒತ್ತಡದಲ್ಲಿ ತೊಳೆಸಬೇಡಿ, ಇಳಿಸಿ ತುಂಬಿಸಿದರೆ ಸಾಕು. ಬೆಲ್ಟ್ ಬದಲಿಸಿದ ಬಿಲ್ ಸಿಗದಿದ್ದರೆ ಆ ಕೆಲಸವನ್ನೂ ಆಗಲೇ ಮುಗಿಸಿ. ಮೊದಲ ತಿಂಗಳು ವಾರಕ್ಕೊಮ್ಮೆ ಆಯಿಲ್ ಕಡ್ಡಿ ತೆಗೆದು ಮಟ್ಟವನ್ನು ಕಿಲೋಮೀಟರ್ ಜೊತೆ ಬರೆದಿಡಿ. ಎಂಜಿನ್ ಎಷ್ಟು ಆಯಿಲ್ ಕುಡಿಯುತ್ತದೆ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.